ಮುಕ್ತಾರಾಮ ಬಾಬು ಬೀದಿಯ ಅಮೃತಶಿಲೆಯ ಮನೆ

ಊರಿನಿಂದ ನಂಟರು ಬಂದರೆ ಕಲ್ಕತ್ತದ ಕನ್ನಡಿಗರಾದ ನಾವು ಅವರನ್ನು ಕರೆದೊಯ್ಯುವ ಸ್ಥಳಗಳ ಪಟ್ಟಿ ಬಹುಮಟ್ಟಿಗೆ ಗೊತ್ತಾದದ್ದೇ. ಮೊದಲ ದಿನ ಕಾಳೀಘಾಟ. ಎರಡನೆಯ ದಿನ ದಕ್ಷಿಣೇಶ್ವರ, ಅಲ್ಲಿಂದ ದೋಣಿಯಲ್ಲಿ ಬೇಲೂರು ಮಠ. (ಬೇಲೂರೆಂದರೆ ನಮ್ಮ ಹಾಸನದ ಬೇಲೂರೇ ಎಂದು ಕೇಳದ ನಂಟರು ನಮ್ಮ ಮನೆಗೆ ಈವರೆಗೆ ಬಂದಿಲ್ಲ.) ಮೂರನೆಯ ದಿನ ವಿಕ್ಟೋರಿಯಾ ಸ್ಮಾರಕ, ಹೌರಾ ಸೇತುವೆ, ಸಂಜೆ ಗರಿಯಾಹಾಟದ ಸೀರೆ ಅಂಗಡಿಗಳು. ನಾಲ್ಕನೆಯ ದಿನ ಅವರು ಪುರಿಗೋ ಕಾಶಿಗೋ ರೈಲು ಹತ್ತುತ್ತಾರೆ. ಹತ್ತು ವರ್ಷ ಈ ಊರಿನಲ್ಲಿದ್ದವರೂ ಈ ಪಟ್ಟಿಯನ್ನು ಮೀರಿ ಹೊರಟದ್ದು ಕಡಮೆ. ಈ ನಗರಕ್ಕೆ 2001ರಿಂದ ಕೊಲ್ಕತಾ ಎಂದು ಹೆಸರಾಗಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಅದು ಕಲ್ಕತ್ತವೇ ಆಗಿರುವುದರಿಂದ ಈ ಲೇಖನದಲ್ಲಿಯೂ ಹಾಗೆಯೇ ಕರೆಯುತ್ತೇವೆ.

ಪಟ್ಟಿಗೆ ಸೇರದೆ ಉಳಿದ ಒಂದು ಸ್ಥಳವನ್ನು ಕುರಿತು ಬರೆಯಬೇಕೆಂದು ನಮಗೆ ಬಹಳ ದಿನಗಳಿಂದ ಆಸೆಯಿತ್ತು. ಅದು ಉತ್ತರ ಕಲ್ಕತ್ತದ ಚೋರಬಾಗಾನದಲ್ಲಿರುವ ಮಾರ್ಬಲ್ ಪ್ಯಾಲೆಸ್. ಹೆಸರಿಗೆ ಅರಮನೆ, ನಿಜಕ್ಕೆ ಒಬ್ಬ ವರ್ತಕನ ಮನೆ. ಇಂದಿಗೂ ಆ ಮನೆತನದವರೇ ಅದರ ಒಂದು ಭಾಗದಲ್ಲಿ ವಾಸವಾಗಿದ್ದಾರೆ. ಒಳಗೆ ಹೋಗಲು ಹಣ ಕೊಡಬೇಕಾಗಿಲ್ಲ, ಆದರೆ ಪ್ರವಾಸೋದ್ಯಮ ಇಲಾಖೆಯ ಕಚೇರಿಯಿಂದ ಒಂದು ದಿನ ಮೊದಲೇ ಅನುಮತಿ ಪತ್ರವನ್ನು ತಂದಿಟ್ಟುಕೊಂಡಿರಬೇಕು. ಈ ಒಂದು ಕಾಗದದ ಕಾರಣದಿಂದಲೇ ನಮ್ಮವರಲ್ಲಿ ಅನೇಕರು ಅತ್ತ ಸುಳಿದಿಲ್ಲವೆಂದು ನಮ್ಮ ಊಹೆ. ನಮ್ಮ ಬ್ಯಾಂಕು ಡಾಲ್‌ಹೌಸಿ ಚೌಕದ, ಎಂದರೆ ಈಗಿನ ಬಿನಯ ಬಾದಲ ದಿನೇಶ ಬಾಗಿನ ಸಮೀಪದಲ್ಲಿರುವುದರಿಂದ ಊಟದ ಬಿಡುವಿನಲ್ಲಿ ಹೋಗಿ ಕಾಗದ ತರುವುದು ನಮಗೆ ಕಷ್ಟವಾಗಲಿಲ್ಲ. ಕಳೆದ ಚಳಿಗಾಲದ ಒಂದು ಭಾನುವಾರ, ಊರಿನಿಂದ ಬಂದಿದ್ದ ತಾಯಿಯವರನ್ನೂ ಮಕ್ಕಳನ್ನೂ ನೆರೆಯ ಒಂದು ಕನ್ನಡ ಕುಟುಂಬವನ್ನೂ ಜೊತೆ ಮಾಡಿಕೊಂಡು ಹೋಗಿ ಬಂದೆವು.

ಮಹಾತ್ಮಾ ಗಾಂಧಿ ರಸ್ತೆಯ ಮೆಟ್ರೋ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರೆ ಮುಕ್ತಾರಾಮ ಬಾಬು ಬೀದಿ ಸಿಕ್ಕುತ್ತದೆ. ರವೀಂದ್ರರು ಹುಟ್ಟಿದ ಜೋಡಾಸಾಂಕೋ ಮನೆ ಇಲ್ಲಿಂದ ಬಹು ದೂರವಿಲ್ಲ. ಚೋರಬಾಗಾನವೆಂದರೆ ಕಳ್ಳರ ತೋಟ. ಈ ಹೆಸರು ಹೇಗೆ ಬಂದಿತೋ, ಇಂದು ಅಲ್ಲಿ ಕಳ್ಳರೂ ಇಲ್ಲ, ತೋಟವೂ ಇಲ್ಲ. ಇಕ್ಕಟ್ಟಾದ ಬೀದಿ, ಕೈಗಾಡಿಗಳು, ಮೂಟೆ ಹೊತ್ತ ಕೂಲಿಗಳು. ಅಂಥ ಬೀದಿಯಲ್ಲಿ ಹೋಗುತ್ತಿರುವಾಗ ಒಂದು ಕಬ್ಬಿಣದ ಗೇಟಿನ ಆಚೆ ಇದ್ದಕ್ಕಿದ್ದಂತೆ ಹಸುರು ಹುಲ್ಲು, ಕೊಳ, ಅಮೃತಶಿಲೆಯ ಬೊಂಬೆಗಳು, ಎತ್ತರವಾದ ಕಂಬಸಾಲಿನ ಬೆಳ್ಳನೆಯ ಮನೆ ಕಂಡುಬರುತ್ತದೆ. ಇಂಗ್ಲೆಂಡಿನ ಶ್ರೀಮಂತರು ಪಟ್ಟಣದಿಂದ ದೂರ, ಹಳ್ಳಿಗಾಡಿನ ನಡುವೆ ಕಟ್ಟಿಕೊಳ್ಳುತ್ತಿದ್ದ ಮಾಳಿಗೆಯನ್ನು ಯಾರೋ ಎತ್ತಿ ತಂದು ನಮ್ಮ ಚಿಕ್ಕಪೇಟೆಯ ಗಲ್ಲಿಯೊಂದರಲ್ಲಿ ಇಟ್ಟುಹೋದರೆ ಹೇಗಿರುತ್ತದೆಯೋ ಹಾಗೆ.

ಮನೆಗಿಂತ ಹಳೆಯದು ಆ ಆವರಣದಲ್ಲಿರುವ ಜಗನ್ನಾಥನ ಗುಡಿ. ಅದನ್ನು ಕಟ್ಟಿಸಿದವರು ನೀಲಮಣಿ ಮಲ್ಲಿಕರು. ಮಲ್ಲಿಕರದು ಸುವರ್ಣವಣಿಕರೆಂಬ ವರ್ತಕ ಜನಾಂಗ. ವ್ಯಾಪಾರದಿಂದ ಹಣ ಮಾಡಿದವರು, ವೈಷ್ಣವರು. ನೀಲಮಣಿಯವರಿಗೆ ಮಕ್ಕಳಿರಲಿಲ್ಲವಾಗಿ 1819ರಲ್ಲಿ ಹುಟ್ಟಿದ ರಾಜೇಂದ್ರನೆಂಬ ಮಗುವನ್ನು ದತ್ತು ತೆಗೆದುಕೊಂಡರು. ಮಗು ಇನ್ನೂ ತೊದಲು ಮಾತಾಡುತ್ತಿರುವಾಗಲೇ, 1821ರಲ್ಲಿ, ಅವರು ತೀರಿಕೊಂಡರು. ದೊಡ್ಡ ಆಸ್ತಿ, ಚಿಕ್ಕ ಮಗು, ವಿಧವೆಯಾದ ತಾಯಿ. ಇಂಥ ಕಡೆ ವ್ಯಾಜ್ಯ ಹುಟ್ಟದಿರುವುದುಂಟೆ? ವಿಷಯ ಆಗಿನ ಸುಪ್ರೀಂ ಕೋರ್ಟಿಗೆ ಹೋಗಿ, ಕೋರ್ಟು ಸರ್ ಜೇಮ್ಸ್ ವಿಯರ್ ಹಾಗ್ ಎಂಬ ಬ್ರಿಟಿಷ್ ಅಧಿಕಾರಿಯನ್ನು ಹುಡುಗನಿಗೆ ಪಾಲಕನನ್ನಾಗಿ ನೇಮಿಸಿತು. ಈ ಹಾಗ್ ಮುಂದೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಅಧ್ಯಕ್ಷನೂ ಆದವನು. ಒಳಮನೆಯಲ್ಲಿ ಜಗನ್ನಾಥನ ಆರತಿ, ಹೊರಗೆ ಹಾಗ್ ಸಾಹೇಬರ ಮೇಲ್ವಿಚಾರಣೆ. ಈ ಎರಡರ ನಡುವೆ ಹುಡುಗ ಬೆಳೆದನು. ಮನೆಯನ್ನು ನೋಡುವವರು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಅಲ್ಲಿಯ ಎಷ್ಟೋ ವಿಚಿತ್ರಗಳು ತಾವಾಗಿಯೇ ಅರ್ಥವಾಗುತ್ತವೆ.

1835ರಲ್ಲಿ ಮನೆಯ ಕೆಲಸ ಪ್ರಾರಂಭವಾಯಿತು. ಆಗ ಯಜಮಾನನ ವಯಸ್ಸು ಹದಿನಾರು! ನಮ್ಮ ಮನೆಗಳಲ್ಲಿ ಆ ವಯಸ್ಸಿನ ಹುಡುಗನ ಕೈಗೆ ತರಕಾರಿ ತರಲು ಹಣ ಕೊಟ್ಟರೆ ಚಿಲ್ಲರೆ ಎಣಿಸಿ ತೆಗೆದುಕೊಳ್ಳುತ್ತೇವೆ. ಐದು ವರ್ಷ ಕೆಲಸ ನಡೆದು 1840ರಲ್ಲಿ ಮನೆ ಎದ್ದಿತು. ಅದೇ 1835ರ ಫೆಬ್ರವರಿಯಲ್ಲಿ ಇದೇ ಕಲ್ಕತ್ತದಲ್ಲಿ ಮೆಕಾಲೆ ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಬರೆದು ಇಂಗ್ಲಿಷ್ ವಿದ್ಯೆಯ ಪರವಾಗಿ ವಾದಿಸಿದನು. ಅದಕ್ಕೆ ನಾಲ್ಕು ವರ್ಷ ಮೊದಲು, 1831ರಲ್ಲಿ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯದ ಆಡಳಿತವನ್ನು ಕಂಪೆನಿ ತೆಗೆದುಕೊಂಡಿದ್ದಿತು. ಹಾಗೆ ಮಾಡಿದ ಗವರ್ನರ್ ಜನರಲ್ ಬೆಂಟಿಂಕನ ರಾಜಧಾನಿ ಈ ಊರೇ. ಮುಂದಿನ ಐವತ್ತು ವರ್ಷ ನಮ್ಮ ಮೈಸೂರು ಸೀಮೆಯ ಹಣೆಯಬರಹ ಬರೆಯಲ್ಪಟ್ಟದ್ದು, ನಾವು ದಿನವೂ ಟ್ರಾಮು ಬಸ್ಸುಗಳಲ್ಲಿ ಹಾದುಹೋಗುವ ಈ ಕಚೇರಿಗಳಲ್ಲಿ. ಆ ಕಾಲದಲ್ಲಿ ಈ ಹುಡುಗ ಇಟಲಿಯ ಅಮೃತಶಿಲೆಯನ್ನು ಹಡಗಿನಲ್ಲಿ ತರಿಸುತ್ತಿದ್ದನು.

ಈಗ ಒಳಗೆ ಹೋಗೋಣ. ಮುಂಭಾಗ ಪೂರ್ತಿ ಗ್ರೀಕ್ ರೋಮನ್ ಮಾದರಿಯದು; ಎತ್ತರದ ಕೊರಿಂಥಿಯನ್ ಕಂಬಗಳು, ಕೆತ್ತನೆಯ ಪಡಸಾಲೆ. ಆದರೆ ಹೊಸಿಲು ದಾಟಿದರೆ ಮನೆಯ ಒಳಗಟ್ಟು ನಮ್ಮ ಕಡೆಯ ದೊಡ್ಡ ತೊಟ್ಟಿ ಮನೆಗಳನ್ನು ನೆನಪಿಗೆ ತರುತ್ತದೆ. ನಡುವೆ ಬಿಸಿಲು ಬೀಳುವ ಅಂಗಳ, ಸುತ್ತಲೂ ಕೈಸಾಲೆ, ಒಂದು ಬದಿಗೆ ಬಂಗಾಳಿಗಳು ಠಾಕುರ ದಾಲಾನವೆಂದು ಕರೆಯುವ ಪೂಜೆಯ ಮಂಟಪ. ಆ ಕೈಸಾಲೆಯಲ್ಲಿ ತುಳಸಿಕಟ್ಟೆಯ ಬದಲು ರೋಮನ್ ದೇವತೆಗಳು ನಿಂತಿದ್ದಾರೆ! ನೆಲವೆಲ್ಲ ಬಣ್ಣಬಣ್ಣದ ಅಮೃತಶಿಲೆಯ ಚಿತ್ತಾರ. ನೂರಿಪ್ಪತ್ತಾರು ಬಗೆಯ ಕಲ್ಲು ಇದೆಯೆಂದು ಅಲ್ಲಿ ಹೇಳುತ್ತಾರೆ, ತೊಂಬತ್ತು ಎನ್ನುವವರೂ ಇದ್ದಾರೆ. ಲೆಕ್ಕ ನಮ್ಮ ಕಸಬಾದರೂ ನಾವು ಎಣಿಸಲು ಹೋಗಲಿಲ್ಲ.

ಕೆಳ ಅಂತಸ್ತಿನಲ್ಲಿ ಮೊದಲು ಕಣ್ಣಿಗೆ ಬೀಳುವವಳು ವಿಕ್ಟೋರಿಯಾ ರಾಣಿ. ಆಳೆತ್ತರವನ್ನೂ ಮೀರಿದ ಈ ವಿಗ್ರಹ ಕಲ್ಲಿನದಲ್ಲ, ಬೀಟೆ ಮರದ ಒಂದೇ ದಿಮ್ಮಿಯಲ್ಲಿ ಕಡೆದದ್ದು. ನಮ್ಮ ಮೈಸೂರಿನ ಬೀಟೆ ಕೆಲಸವನ್ನು ಕಂಡವರಿಗೂ ಇಷ್ಟು ದೊಡ್ಡದೊಂದು ಮರದ ರಾಣಿ ಆಶ್ಚರ್ಯವನ್ನುಂಟುಮಾಡುತ್ತಾಳೆ. ಅವಳ ಸುತ್ತಮುತ್ತ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂದು ಹೇಳುವುದೇ ಸುಲಭ. ರಾಜರಾಣಿಯರ ಎದೆಯವರೆಗಿನ ಪ್ರತಿಮೆಗಳು, ಮನುಷ್ಯನು ಒಳಗೆ ಇಳಿಯಬಹುದಾದಷ್ಟು ದೊಡ್ಡ ಹೂದಾನಿಗಳು, ಬಗೆಬಗೆಯ ಗಡಿಯಾರಗಳು, ನೆಲದಿಂದ ಚಾವಣಿ ಮುಟ್ಟುವ ನಿಲುಗನ್ನಡಿಗಳು, ಅವುಗಳಲ್ಲಿ ಮತ್ತೆ ಮತ್ತೆ ಪ್ರತಿಫಲಿಸುವ ಗಾಜಿನ ತೂಗುದೀಪದ ಗೊಂಚಲುಗಳು. ಒಳ್ಳೆಯದರ ಪಕ್ಕದಲ್ಲಿ ಸಾಧಾರಣವಾದದ್ದು, ಬೆಲೆಬಾಳುವುದರ ಪಕ್ಕದಲ್ಲಿ ಜಾತ್ರೆಯ ಸಾಮಾನಿನಂಥದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಇತಿಹಾಸದ ಕ್ರಮವೂ ಇಲ್ಲ, ದೇಶದ ಕ್ರಮವೂ ಇಲ್ಲ. ತೋಟದಲ್ಲಿಯೂ ಇದೇ ಕಥೆ: ಸಿಂಹಗಳು, ಬುದ್ಧ, ಏಸು, ಮೇರಿ ಮಾತೆ, ಕೊಲಂಬಸ್, ನಮ್ಮ ದೇವದೇವತೆಗಳು, ಎಲ್ಲರೂ ಒಂದೇ ಹುಲ್ಲಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದಾರೆ.

ಮೇಲಿನ ಅಂತಸ್ತು ಚಿತ್ರಗಳ ಭಾಗ. ಫ್ಲೆಮಿಷ್ ಚಿತ್ರಕಾರ ರೂಬೆನ್ಸನದೆಂದು ಹೇಳುವ ಸಂತ ಕ್ಯಾಥರೀನಳ ವಿವಾಹ, ಸಂತ ಸೆಬಾಸ್ಟಿಯನ್ನನ ಬಲಿದಾನ. ಇಂಗ್ಲೆಂಡಿನ ರೆನಾಲ್ಡ್ಸನದೆಂದು ಹೇಳುವ ವೀನಸ್ ಮತ್ತು ಕ್ಯುಪಿಡ್, ಹಾವುಗಳನ್ನು ಹಿಸುಕುವ ಶಿಶು ಹರ್ಕ್ಯುಲಿಸ್. ಈ ಕೊನೆಯ ಚಿತ್ರದ ಮುಂದೆ ನಮ್ಮ ಮಗಳು ನಿಂತು, "ಬಾಲಕೃಷ್ಣ!" ಎಂದು ಕೂಗಿದಳು. ತೊಟ್ಟಿಲ ಕೂಸು ಎರಡು ಹಾವುಗಳ ಕತ್ತು ಹಿಡಿದಿರುವಾಗ ನಮ್ಮ ಮಕ್ಕಳು ಬೇರೆ ಯಾರ ಹೆಸರು ಹೇಳಿಯಾರು? ಇದೇ ವಿಷಯದ ದೊಡ್ಡ ಚಿತ್ರವನ್ನು ರೆನಾಲ್ಡ್ಸ್ ರಷ್ಯದ ರಾಣಿ ಕ್ಯಾಥರೀನಳಿಗಾಗಿ ಬರೆದನು. ಅದು ಪೀಟರ್ಸ್‌ಬರ್ಗಿನ ಹರ್ಮಿಟೇಜಿನಲ್ಲಿದೆ. ಹಾಗಾದರೆ ಚೋರಬಾಗಾನದ್ದು ಅವನದೇ ಕೈಬರಹವೋ, ಬೇರೊಬ್ಬನು ನೋಡಿ ಬರೆದದ್ದೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡುತ್ತೇವೆ. ಖೋಟಾ ನೋಟನ್ನು ಗುರುತಿಸಲು ನಮಗೆ ಕಲಿಸಿದ್ದಾರೆ, ಖೋಟಾ ರೂಬೆನ್ಸನನ್ನು ಗುರುತಿಸಲು ಕಲಿಸಿಲ್ಲ.

ಇಂಥ ಮನೆಗಳನ್ನು ನೋಡಿ ನಗುವ ಪದ್ಧತಿಯೊಂದುಂಟು. ಬಿಳಿಯರನ್ನು ಅನುಕರಿಸಲು ಹೋದ ಕಲ್ಕತ್ತದ ಬಾಬುವಿನ ಹುಚ್ಚು, ಹಣವುಂಟು ರುಚಿಯಿಲ್ಲ, ಎಂದು ಮುಂತಾಗಿ ಬರೆದುಬಿಡುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದ್ದರೂ ಇರಬಹುದು. ಆದರೆ ಯೂರೋಪಿನ ಶ್ರೀಮಂತರು ಮಾಡಿದ್ದಾದರೂ ಏನು? ತರುಣರು ಇಟಲಿಗೆ ಯಾತ್ರೆ ಹೋಗಿ, ಅಲ್ಲಿಂದ ಮುರಿದ ಮೂರ್ತಿಗಳನ್ನೂ ಮಸುಕಾದ ಚಿತ್ರಗಳನ್ನೂ ಬಂಡಿಗಟ್ಟಲೆ ತಂದು ತಮ್ಮ ಹಳ್ಳಿಯ ಮಾಳಿಗೆಗಳಲ್ಲಿ ತುಂಬಿಕೊಂಡರು. ಅದಕ್ಕೆ ಸಂಸ್ಕೃತಿಯೆಂದು ಹೆಸರಾಯಿತು. ಸಮುದ್ರಯಾನಕ್ಕೆ ಜಾತಿಯ ಅಡ್ಡಿಯಿದ್ದ ಕಾಲದಲ್ಲಿ ಚೋರಬಾಗಾನದ ಹುಡುಗನು ತಾನು ಲೋಕವನ್ನು ನೋಡಲು ಹೋಗುವ ಬದಲು ಲೋಕವನ್ನೇ ಮನೆಗೆ ಕರೆಸಿಕೊಂಡನೆಂದು ನಮಗೆ ತೋರುತ್ತದೆ. ಬಂದವರನ್ನು ಎಲ್ಲಿ ಕೂರಿಸಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ನಮ್ಮ ಕಡೆಯ ಉದಾಹರಣೆ ಬೇಕಾದರೆ ಅದೇ ಕಾಲದ ಮುಮ್ಮಡಿ ಕೃಷ್ಣರಾಜರೇ ಇದ್ದಾರೆ. ಆಡಳಿತ ಕೈತಪ್ಪಿದ ಮೇಲೆ ಅವರು ಶ್ರೀತತ್ತ್ವನಿಧಿಯಂಥ ಗ್ರಂಥದಲ್ಲಿ ದೇವತೆಗಳ ರೂಪಗಳನ್ನೆಲ್ಲ ಒಟ್ಟುಗೂಡಿಸಿದರು. ಚದುರಂಗದ ಮನೆಗಳಲ್ಲಿ ಹೊಸ ಹೊಸ ಬಂಧಗಳನ್ನು ಹೂಡಿದರು, ಪಗಡೆ ಗಂಜೀಫಗಳಲ್ಲಿ ಹೊಸ ಆಟಗಳನ್ನೇ ನಿರ್ಮಿಸಿದರು. ಅವರ ಕಾಲದಲ್ಲಿ, 1861ರಲ್ಲಿ ಎದ್ದ ಜಗನ್ಮೋಹನ ಅರಮನೆಯಲ್ಲಿ 1915ರಿಂದ ಚಿತ್ರಶಾಲೆಯಿದೆ. ಅಲ್ಲಿಯ ಫ್ರೆಂಚ್ ಗಡಿಯಾರದೊಳಗಿನ ಪುಟ್ಟ ಸಿಪಾಯಿಗಳನ್ನು ನೋಡಲು ಬಾಲ್ಯದಲ್ಲಿ ಕತ್ತು ನೀಡಿ ನಿಂತವರು ನಮ್ಮಲ್ಲಿ ಎಷ್ಟು ಜನರಿಲ್ಲ! ಆ ಗಡಿಯಾರವೂ ರವಿವರ್ಮನ ಚಿತ್ರಗಳೂ ಒಂದೇ ಮನೆಯಲ್ಲಿ ಏಕಿರಬೇಕೆಂದು ನಾವು ಯಾರೂ ಕೇಳಿದವರಲ್ಲ.

ರಾಜೇಂದ್ರ ಮಲ್ಲಿಕರಿಗೆ ಕಲ್ಲು ಚಿತ್ರಗಳಿಗಿಂತಲೂ ಹೆಚ್ಚಿನ ಪ್ರೀತಿ ಇದ್ದದ್ದು ಪ್ರಾಣಿಪಕ್ಷಿಗಳಲ್ಲಿ ಎನಿಸುತ್ತದೆ. 1854ರಲ್ಲಿ ಅವರು ಮನೆಯಂಗಳದ ಮೃಗಶಾಲೆಯನ್ನು ಜನರಿಗೆ ತೆರೆದರು. ಇದು ಭಾರತದ ಮೊದಲ ಮೃಗಾಲಯವೆಂದು ಹೇಳುವುದುಂಟು. ಇದಕ್ಕೆ ಅರ್ಧ ಶತಮಾನ ಮೊದಲೇ ವೆಲ್ಲೆಸ್ಲಿ ಬ್ಯಾರಕ್‌ಪುರದ ತನ್ನ ತೋಟದ ಮನೆಯಲ್ಲಿ ಪ್ರಾಣಿಗಳನ್ನು ಸಾಕಿದ್ದನಾದ್ದರಿಂದ, ಭಾರತೀಯನೊಬ್ಬನು ತನ್ನ ಮನೆಯಲ್ಲಿ ತೆರೆದ ಮೊದಲ ಮೃಗಾಲಯಗಳಲ್ಲಿ ಒಂದು ಎನ್ನುವುದು ಹೆಚ್ಚು ಸರಿ. ಆಗ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಎಂಬ ಪಕ್ಷಿಶಾಸ್ತ್ರಜ್ಞನಿಗೆ ಮಲ್ಲಿಕರ ಮನೆಯಿಂದ ಸತ್ತ ಪಕ್ಷಿಗಳು ಹೋಗುತ್ತಿದ್ದವು. ಅವನು ತನ್ನ ವರದಿಗಳಲ್ಲಿ ಇವರ ಹೆಸರನ್ನು ಕೃತಜ್ಞತೆಯಿಂದ ಬರೆದಿದ್ದಾನೆ. ಈ ಬ್ಲೈತ್ ಡಾರ್ವಿನನಿಗೆ ಕಲ್ಕತ್ತದಿಂದ ಉದ್ದುದ್ದ ಪತ್ರಗಳನ್ನು ಬರೆಯುತ್ತಿದ್ದವನು. 1876ರಲ್ಲಿ ಅಲಿಪುರದ ಮೃಗಾಲಯ ಪ್ರಾರಂಭವಾದಾಗ ಮಲ್ಲಿಕರು ಅದಕ್ಕೆ ಪ್ರಾಣಿಗಳನ್ನು ಕೊಟ್ಟರು. ಅಲ್ಲಿಯ ಒಂದು ಕಟ್ಟಡಕ್ಕೆ ಅವರ ಹೆಸರನ್ನೇ ಇಟ್ಟರು.

ಮೃಗಾಲಯದ ಮಾತು ಬಂದಾಗ ನಮಗೆ ಚಾಮರಾಜೇಂದ್ರ ಒಡೆಯರ ನೆನಪಾಗದಿರದು. 1892ರಲ್ಲಿ ಮೈಸೂರಿನ ಮೃಗಾಲಯವನ್ನು ಸ್ಥಾಪಿಸಿದ ಆ ಮಹಾರಾಜರು ಎರಡೇ ವರ್ಷಗಳ ಮೇಲೆ, 1894ರ ಡಿಸೆಂಬರಿನಲ್ಲಿ, ಇದೇ ಕಲ್ಕತ್ತಕ್ಕೆ ಬಂದವರು ಗಂಟಲುಬೇನೆಯಿಂದ ಇಲ್ಲಿಯೇ ತೀರಿಕೊಂಡರು. ಕಾಳೀಘಾಟದ ದಿಕ್ಕಿನಲ್ಲಿ, ಕೆವಡಾತಲಾ ಶ್ಮಶಾನದ ಮಗ್ಗುಲಲ್ಲಿ, ಮೈಸೂರಿನ ಹೆಸರನ್ನು ಹೊತ್ತ ಸ್ಮಾರಕವಿದೆ. ಕಾಳೀಘಾಟಕ್ಕೆ ನಂಟರನ್ನು ಕರೆದೊಯ್ಯುವವರು ಅಲ್ಲಿಗೂ ಹೋಗಬಾರದೇಕೆ?

ಈಗ ಮಲ್ಲಿಕರ ಮೃಗಶಾಲೆಯಲ್ಲಿ ಉಳಿದಿರುವುದು ಹೆಚ್ಚಾಗಿ ಹಕ್ಕಿಗಳು. ನವಿಲು, ಹೆಜ್ಜಾರ್ಲೆ, ಕೊಕ್ಕರೆ, ಮಂಗಟ್ಟೆ. ಜೊತೆಗೆ ಜಿಂಕೆಗಳು, ಕೋತಿಗಳು. ಕೊಕ್ಕರೆ ಬೆಳ್ಳೂರಿನ ಹುಣಿಸೆ ಮರಗಳ ಮೇಲೆ ಹೆಜ್ಜಾರ್ಲೆಗಳನ್ನು ಕಂಡ ತಾಯಿಯವರು ಇಲ್ಲಿಯವನ್ನು ಬಹಳ ಹೊತ್ತು ನೋಡಿ, "ಪಾಪ, ಇವೂ ಊರು ಬಿಟ್ಟು ಬಂದವು" ಎಂದರು. ನಾವು ಮರುಮಾತಾಡಲಿಲ್ಲ.

ಇನ್ನು ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದ ವಿಚಾರಕ್ಕೆ ಬರುತ್ತೇವೆ. ಕಲ್ಕತ್ತದಲ್ಲಿ ಇಂಥ ಸಂಗ್ರಹ ಮಲ್ಲಿಕರದೊಂದೇ ಆಗಿರಲಿಲ್ಲ. ಅವರಿಗಿಂತ ಹಿರಿಯರೂ ಪ್ರಸಿದ್ಧರೂ ಆಗಿದ್ದ ದ್ವಾರಕಾನಾಥ ಠಾಕೂರರು, ಎಂದರೆ ರವೀಂದ್ರರ ತಾತ, ಬೆಲಗಾಛಿಯಾದಲ್ಲಿ ಒಂದು ತೋಟದ ಮನೆಯನ್ನು ಚಿತ್ರಗಳಿಂದಲೂ ಮೂರ್ತಿಗಳಿಂದಲೂ ತುಂಬಿದ್ದರು. ಗವರ್ನರ್ ಜನರಲ್‌ಗಳು ಅಲ್ಲಿಗೆ ಔತಣಕ್ಕೆ ಬರುತ್ತಿದ್ದರು. 1846ರಲ್ಲಿ ದ್ವಾರಕಾನಾಥರು ಲಂಡನ್ನಿನಲ್ಲಿ ತೀರಿಕೊಂಡರು. 1848ರಲ್ಲಿ, ಅವರೂ ಸೇರಿ 1829ರಲ್ಲಿ ಸ್ಥಾಪಿಸಿದ್ದ ಯೂನಿಯನ್ ಬ್ಯಾಂಕು ಮುಳುಗಿತು. (ಇದಕ್ಕೂ ಇಂದಿನ ಅದೇ ಹೆಸರಿನ ಬ್ಯಾಂಕಿಗೂ ಸಂಬಂಧವಿಲ್ಲ.) ನೀಲಿಯ ವ್ಯಾಪಾರದ ಮೇಲೆ ಮಿತಿಮೀರಿ ಸಾಲ ಕೊಟ್ಟದ್ದು ಅದರ ನಾಶಕ್ಕೆ ಕಾರಣ. ಜೊತೆಯಲ್ಲಿಯೇ ಅವರ ಕಾರ್ ಠಾಕೂರ್ ಕಂಪೆನಿಯೂ ಬಿದ್ದಿತು. ತೋಟದ ಮನೆ ಸಾಲಕ್ಕಾಗಿ ಮಾರಾಟವಾಗಿ ಪೈಕಪಾಡಾದ ರಾಜರ ಕೈಗೆ ಹೋಯಿತು. ಒಳಗಿದ್ದ ಸಾಮಾನು ಚದರಿತು. ಬ್ಯಾಂಕಿನ ನೌಕರರಾದ ನಮಗೆ ಈ ಕಥೆ ಓದಿದಾಗಲೆಲ್ಲ ಬೆನ್ನಲ್ಲಿ ಸ್ವಲ್ಪ ಚಳಿಯಾಗುತ್ತದೆ.

ಎರಡನೆಯವನು ಔಧದ ನವಾಬ ವಾಜಿದ್ ಅಲಿ ಷಾ. 1856ರಲ್ಲಿ ರಾಜ್ಯ ಕಳೆದುಕೊಂಡು ಕಲ್ಕತ್ತಕ್ಕೆ ಬಂದವನು ಮಟಿಯಾಬುರ್ಜಿನಲ್ಲಿ ಸಣ್ಣದೊಂದು ಲಕ್ನೋವನ್ನೇ ಕಟ್ಟಿದನು. ಅವನ ಮೃಗಶಾಲೆಯ ಮುಂದೆ ಮಲ್ಲಿಕರದು ಏನೂ ಅಲ್ಲ. ಅವನು 1887ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ರಾಜೇಂದ್ರ ಮಲ್ಲಿಕರೂ ತೀರಿಕೊಂಡದ್ದು ಅದೇ 1887ರಲ್ಲಿ. ನವಾಬನ ಮನೆಗಳು ಉರುಳಿದವು, ಹುಲಿ ಹಾವು ಪಾರಿವಾಳಗಳು ಹರಾಜಾದವು. ಇಂದು ಮಟಿಯಾಬುರ್ಜಿಗೆ ಹೋದವರಿಗೆ ಅವನ ಗೋರಿಯಿರುವ ಇಮಾಂಬಾಡಾ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ.

ಮೂರನೆಯ ಸಂಗ್ರಹ ನಮ್ಮದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟೀಪೂ ಸುಲ್ತಾನನ ಅರಮನೆಯ ಒಡವೆ ವಸ್ತುಗಳು ಸೈನಿಕರ ಪಾಲಾದವು. ಹುಲಿಯ ಬೊಂಬೆಯಂಥವು ಲಂಡನ್ನಿಗೆ ಹೋದವು. ಅವನ ಗ್ರಂಥಭಂಡಾರದ ಸುಮಾರು ಎರಡು ಸಾವಿರ ಹಸ್ತಪ್ರತಿಗಳಲ್ಲಿ ಹೆಚ್ಚಿನ ಭಾಗ ಪೆಟ್ಟಿಗೆಗಳಲ್ಲಿ ತುಂಬಿ ಕಲ್ಕತ್ತಕ್ಕೆ ಬಂದಿತು. ಇಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ಸ್ಥಾಪಿಸಿದ ವೆಲ್ಲೆಸ್ಲಿ, ಅದರ ಸ್ಥಾಪನೆಯ ದಿನ 1800ರ ಮೇ 4, ಎಂದರೆ ಶ್ರೀರಂಗಪಟ್ಟಣದ ಪತನದ ವಾರ್ಷಿಕ ದಿನವೇ ಎಂದು ಬರೆಸಿದನು. ಕಾಲೇಜಿಗೆ ಬಹಳಷ್ಟು ಪುಸ್ತಕಗಳು ಸಂದವು. 1808ರಲ್ಲಿ ಏಷ್ಯಾಟಿಕ್ ಸೊಸೈಟಿಗೆ ಒಂದು ಪಾಲು ಬಂದಿತು. ಪಾರ್ಕ್ ಬೀದಿಯ ಆ ಕಟ್ಟಡದ ಮುಂದೆ ನಾವು ನೂರಾರು ಸಾರಿ ನಡೆದಿದ್ದೇವೆ. ಒಳಗೆ ಕಾವೇರಿ ತೀರದ ಪುಸ್ತಕಗಳಿವೆಯೆಂದು ಗೊತ್ತಾದ ಮೇಲೆ ನಡಿಗೆ ಸ್ವಲ್ಪ ನಿಧಾನವಾಗಿದೆ. ಮೈಸೂರು ಸೀಮೆಯನ್ನು ಅಳೆದು, ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳನ್ನೂ ಕೂಡಿಹಾಕಿದ ಕರ್ನಲ್ ಮೆಕೆಂಜಿಯೂ 1821ರಲ್ಲಿ ಇಲ್ಲಿಯೇ ಸತ್ತು ಅದೇ ಬೀದಿಯ ಹಳೆಯ ಸ್ಮಶಾನದಲ್ಲಿ ಮಲಗಿದ್ದಾನೆ.

ಯುದ್ಧದಿಂದ ಒಂದು, ಪದಚ್ಯುತಿಯಿಂದ ಒಂದು, ಬ್ಯಾಂಕು ಮುಳುಗಿ ಒಂದು ಹೀಗೆ ಚದರಿಹೋದವು. ಚೋರಬಾಗಾನದ ವಿಕ್ಟೋರಿಯಾ ಮಾತ್ರ ನಿಂತಲ್ಲಿಯೇ ನಿಂತಿದ್ದಾಳೆ. ಇದಕ್ಕೆ ಕಾರಣವೇನು? ಅದೃಷ್ಟವೂ ಇರಬಹುದು, ಆಸ್ತಿಯ ಬಿಗಿಯೂ ಇರಬಹುದು. ಆದರೆ ಆ ಅಂಗಳದಲ್ಲಿ ನಿಂತಾಗ ನಮಗೆ ಹೊಳೆದ ಕಾರಣ ಬೇರೆ. ಆ ಮನೆಯಲ್ಲಿ ಎಲ್ಲರಿಗಿಂತ ಹಿರಿಯ ನಿವಾಸಿ ಜಗನ್ನಾಥ. ಮನೆಯವರು ಅವನ ಸೇವೆಗೆ ಇರುವವರು. ಬಂಗಾಳದ ಹಳೆಯ ಮನೆತನಗಳಲ್ಲಿ ದೇವರ ಹೆಸರಿಗೆ ಆಸ್ತಿಯನ್ನು ಬರೆದು, ಅದನ್ನು ದೇವೋತ್ತರವೆಂದು ಕರೆದು, ಮಕ್ಕಳನ್ನು ಬರಿಯ ಸೇವಾಯತರನ್ನಾಗಿ ಉಳಿಸುವ ಸಂಪ್ರದಾಯ ಬಹಳ ಬಲವಾದದ್ದು. ನಮ್ಮಲ್ಲಿಯ ದೇವರ ಮಾನ್ಯಗಳಂತೆಯೇ ಎನ್ನಬಹುದು. ದೇವರಿರುವ ಮನೆಯನ್ನು ಹರಾಜು ಹಾಕುವುದು ಸುಲಭವಲ್ಲ.

ದೇವರ ಜೊತೆಗೆ ಅನ್ನ. 1866ರಲ್ಲಿ ಒರಿಸ್ಸದಲ್ಲಿ ಘೋರ ಕ್ಷಾಮ ಬಂದು ಸುಮಾರು ಹತ್ತು ಲಕ್ಷ ಜನ ಸತ್ತರು. ಹಸಿದವರು ಗುಂಪುಗುಂಪಾಗಿ ನಡೆದು ಕಲ್ಕತ್ತದ ಬೀದಿಗಳಿಗೆ ಬಂದರು. ಆಗ ರಾಜೇಂದ್ರ ಮಲ್ಲಿಕರು ಅನ್ನಸತ್ರವನ್ನು ತೆರೆದು ಆ ಜನರಿಗೆ ಊಟವಿಕ್ಕಿದರು. ಸರ್ಕಾರ ಅವರಿಗೆ ಮೊದಲು ರಾಯ್ ಬಹಾದೂರ್ ಎಂದೂ 1878ರಲ್ಲಿ ರಾಜಾ ಬಹಾದೂರ್ ಎಂದೂ ಬಿರುದು ಕೊಟ್ಟಿತು. ಮನೆಯನ್ನು ಕಟ್ಟಿದಾಗ ಅವರು ರಾಜರಾಗಿರಲಿಲ್ಲ. ಆ ಪಟ್ಟ ಅಮೃತಶಿಲೆಯಿಂದ ಬಂದದ್ದಲ್ಲ, ಊಟ ಹಾಕಿದ್ದರಿಂದ ಬಂದದ್ದು. ಕ್ಷಾಮ ಹೋಯಿತು, ಸತ್ರ ನಿಲ್ಲಲಿಲ್ಲ. ಬಡವರಿಗೆ ಊಟವಿಕ್ಕುವ ಕ್ರಮ ಆ ಮನೆಯಲ್ಲಿ ಇಂದಿಗೂ ನಡೆದುಬಂದಿದೆ. ಇದನ್ನು ಕೇಳಿದೊಡನೆ ತಾಯಿಯವರು, "ಹಾಗಾದರೆ ಇದು ಧರ್ಮಸ್ಥಳದ ಹಾಗೆ" ಎಂದುಬಿಟ್ಟರು. ನಮಗೂ ಅದು ಒಪ್ಪಿತವಾಯಿತು. ಅಲ್ಲಿಯೂ ಹೆಗ್ಗಡೆಯವರ ಮನೆತನ, ಮಂಜುನಾಥ, ದಿನನಿತ್ಯದ ಅನ್ನದಾನ. ಮಗ್ಗುಲಲ್ಲಿಯೇ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಮಂಜೂಷಾ ಸಂಗ್ರಹಾಲಯ. ತಾಳೆಗರಿಯಿಂದ ಹಿಡಿದು ಕ್ಯಾಮರಾಗಳವರೆಗೆ, ಹಳೆಯ ಮೋಟಾರು ಕಾರುಗಳವರೆಗೆ ಅಲ್ಲಿ ಇಲ್ಲದುದಿಲ್ಲ. ಊಟ ಮುಗಿಸಿ ಬಂದ ಯಾತ್ರಿಕರು ಅವುಗಳ ನಡುವೆ ಬೆರಗಾಗಿ ತಿರುಗಾಡುತ್ತಾರೆ. ಅವರಲ್ಲಿ ಯಾರೂ ಇದು ಕ್ರಮವಾಗಿಲ್ಲ ಎಂದು ದೂರಿದ್ದನ್ನು ನಾವು ಕೇಳಿಲ್ಲ.

ಎಲ್ಲವೂ ಚೆನ್ನಾಗಿದೆಯೆಂದು ಹೇಳಿದರೆ ವಾಚಕರಿಗೆ ಮೋಸ ಮಾಡಿದಂತಾಗುತ್ತದೆ. ಕಲ್ಕತ್ತದ ಹವೆ ಚಿತ್ರಗಳಿಗೆ ಶತ್ರು. ಮಳೆಗಾಲದಲ್ಲಿ ನಮ್ಮ ಮನೆಯ ಪುಸ್ತಕಗಳಿಗೇ ಬೂಷ್ಟು ಹಿಡಿಯುವಾಗ ಇನ್ನೂರು ಮುನ್ನೂರು ವರ್ಷದ ಕ್ಯಾನ್ವಾಸಿನ ಗತಿಯೇನು? ಬಣ್ಣ ಕಪ್ಪಾಗಿದೆ. ಬೆಳಕು ಸಾಲದು. ಯಾವುದು ಯಾರದೆಂದು ತಿಳಿಯಲು ಕಾವಲುಗಾರನ ಬಾಯಿಮಾತೇ ಗತಿ. ಮಹಡಿಯ ಮೆಟ್ಟಿಲಿಳಿಯುತ್ತ ತಾಯಿಯವರು, "ಇದನ್ನೆಲ್ಲ ದಿನಾ ಒರೆಸುವವರು ಯಾರಪ್ಪಾ?" ಎಂದು ಕೇಳಿದರು. ಮನೆ ಎಂದರೆ ಏನೆಂದು ತಿಳಿದವರು ಕೇಳುವ ಪ್ರಶ್ನೆ ಅದು. ಒಂದು ಮನೆತನ, ಅದು ಎಷ್ಟೇ ಶ್ರದ್ಧೆಯುಳ್ಳದ್ದಾಗಿರಲಿ, ಎಷ್ಟು ತಲೆಮಾರು ಒರೆಸೀತು? ಸರ್ಕಾರ ತೆಗೆದುಕೊಂಡರೆ ವಸ್ತುಗಳಿಗೆ ಕ್ರಮಸಂಖ್ಯೆ, ಗಾಜಿನ ಬೀರು, ಒಳ್ಳೆಯ ದೀಪ ಎಲ್ಲವೂ ಬಂದಾವು. ಹೈದರಾಬಾದಿನ ಸಾಲಾರ್ ಜಂಗರ ಸಂಗ್ರಹಕ್ಕೆ ಹಾಗೆಯೇ ಆಯಿತು, ಅದು ಸುರಕ್ಷಿತವಾಗಿಯೂ ಇದೆ. ಆದರೆ ಆಗ ಜಗನ್ನಾಥನೂ ಊಟದ ಸಾಲೂ ಹೆಜ್ಜಾರ್ಲೆಗಳೂ ಒಂದೇ ಆವರಣದಲ್ಲಿ ಉಳಿದಾವೆ? ಈ ವಿಷಯದಲ್ಲಿ ನಮ್ಮ ಜೊತೆಯಲ್ಲಿ ಬಂದ ಮಿತ್ರರದು ಒಂದು ಮತ, ನಮ್ಮದು ಇನ್ನೊಂದು. ಮೆಟ್ರೋದಲ್ಲಿ ಕಾಳೀಘಾಟದವರೆಗೂ ವಾದಿಸಿದೆವು, ತೀರ್ಮಾನವಾಗಲಿಲ್ಲ. ಅವರು ಲೆಕ್ಕ ತನಿಖೆಯ ಇಲಾಖೆಯವರು. ದಾಸ್ತಾನು ಪಟ್ಟಿಯಿಲ್ಲದ ಮನೆಯನ್ನು ಅವರಿಂದ ಸಹಿಸಲಾಗಲಿಲ್ಲ.

ಹೋಗಬೇಕೆನ್ನುವವರಿಗಾಗಿ ಎರಡು ಮಾತು. ಸೋಮವಾರ ಮತ್ತು ಗುರುವಾರ ಮನೆ ತೆರೆಯುವುದಿಲ್ಲ. ಬೇರೆ ದಿನಗಳಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೋಡಬಹುದು. ಛಾಯಾಚಿತ್ರ ತೆಗೆಯಲು ಒಪ್ಪಿಗೆಯಿಲ್ಲವಾದ್ದರಿಂದ ಮಕ್ಕಳ ಕೈಯಿಂದ ಮೊಬೈಲನ್ನು ಗೇಟಿನಲ್ಲಿಯೇ ತೆಗೆದುಕೊಂಡುಬಿಡುವುದು ಮೇಲು. ಅನುಮತಿ ಪತ್ರವನ್ನು ಮರೆಯಬಾರದು. ತೋರಿಸುವವನ ಕೈಯಲ್ಲಿ ಏನಾದರೂ ಇಡುವುದು ಅಲ್ಲಿಯ ವಾಡಿಕೆ. ವೃದ್ಧರು ಜೊತೆಯಲ್ಲಿದ್ದರೆ ಬೀದಿಯ ತುದಿಯಿಂದ ಕೈರಿಕ್ಷಾ ಹುಡುಕುವ ಬದಲು ಮೆಟ್ರೋದಿಂದ ನಿಧಾನವಾಗಿ ನಡೆಸಿಕೊಂಡು ಹೋಗಬಹುದು, ದೂರವೇನಿಲ್ಲ. ಹಕ್ಕಿಗಳನ್ನು ನೋಡುವ ಆಸೆಯಿದ್ದವರು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಮಧ್ಯಾಹ್ನದ ಸುಮಾರಿಗೆ ಹೋದವರಿಗೆ ಬೀದಿಯಲ್ಲಿ ತಟ್ಟೆ ಹಿಡಿದು ಕುಳಿತ ಜನರ ಸಾಲು ಕಾಣುತ್ತದೆ.